ಮಗುವಿನ ಬೆನ್ನುಹುರಿಯ ಹಿಂದೆ ನೀರಿನ ಚೀಲ: ಸೂಜಿಯಿಂದ ತೆಗೆದರೆ ಸಾಲದೇ?

ಪ್ರಶ್ನೆ (ತಾಯಿ): ಮಗಳಿಗೆ 9 ವರ್ಷ. ಕಾಲು ಬಿಗಿದುಕೊಂಡು ನಡೆಯುವಾಗ ಎಡವುತ್ತಾಳೆ. ಎಂಆರ್‌ಐನಲ್ಲಿ ಟಿ6ರಿಂದ ಟಿ10ರವರೆಗೆ (ಎದೆಯ ಹಿಂದಿನ ಬೆನ್ನುಮೂಳೆಗಳು) ಎಕ್ಸ್‌ಟ್ರಾಡ್ಯೂರಲ್ ಅರಾಕ್ನಾಯ್ಡ್ ಸಿಸ್ಟ್ (ಬೆನ್ನುಹುರಿಯ ಹೊರಪೊರೆಯ ಆಚೆ ನೀರಿನ ಚೀಲ) ಇದೆ, ಬೆನ್ನುಹುರಿ ಒತ್ತಿಹೋಗಿದೆ ಎಂದು ಬಂದಿದೆ. ಒಳಗಿರುವುದು ಬರೀ ನೀರಂತೆ. ಸೂಜಿಯಿಂದ ತೆಗೆಯಲು ಆಗುವುದಿಲ್ಲವೇ ಡಾಕ್ಟ್ರೇ? ಐದು ಮೂಳೆಗಳನ್ನೂ ತೆರೆಯಲೇಬೇಕೇ?

ಉತ್ತರ (ಮಕ್ಕಳ ನರಶಸ್ತ್ರಚಿಕಿತ್ಸಕ): ಸೂಜಿಯಿಂದ ತೆಗೆದರೆ ಚೀಲ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ ಅಮ್ಮ. ಬೆನ್ನುಹುರಿಯ ಹೊರಪೊರೆಯಾದ ಡ್ಯೂರಾದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಹೆಚ್ಚಾಗಿ ನರದ ಬೇರು ಹೊರಬೀಳುವ ಜಾಗದ ಪಕ್ಕ. ಅದರಡಿಯ ಒಳಪದರ (ಅರಾಕ್ನಾಯ್ಡ್) ಅಲ್ಲಿಂದ ಹೊರಕ್ಕೆ ಉಬ್ಬಿ ಚೀಲವಾಗುತ್ತದೆ. ಕೆಮ್ಮಿದಾಗ, ತಿಣುಕಿದಾಗ ಬೆನ್ನುಹುರಿಯ ಸುತ್ತಲಿನ ದ್ರವ ಚೀಲದೊಳಗೆ ನುಗ್ಗುತ್ತದೆ. ಸೈಕಲ್ ಟ್ಯೂಬಿನ ವಾಲ್ವ್‌ನಂತೆ, ಸಲೀಸಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಆಪರೇಷನ್ನಿನ ನಿಜವಾದ ಕೆಲಸ ತೂತು ಮುಚ್ಚುವುದು. ಚೀಲ ಪೂರ್ತಿ ತೆಗೆದು ತೂತು ಬಿಟ್ಟರೆ ಕಾಯಿಲೆಯ ಮೂಲವನ್ನೇ ಬಿಟ್ಟ ಹಾಗೆ.

ತೂತು ಎಲ್ಲಿದೆಯೆಂದು ಮೊದಲೇ ಗೊತ್ತಾದರೆ ಎಷ್ಟೋ ಸಲ ಒಂದೆರಡು ಮೂಳೆಗಳ ಮಟ್ಟದಲ್ಲಿ ತೆರೆದರೆ ಸಾಕು. ಮಾಮೂಲಿ ಎಂಆರ್‌ಐನಲ್ಲಿ ಅದು ಸುಲಭಕ್ಕೆ ಕಾಣದು. ದ್ರವದ ಚಲನೆ ತೋರಿಸುವ ಸಿನಿ ಎಂಆರ್‌ಐ ಅಥವಾ ಸಿಟಿ ಮೈಲೋಗ್ರಫಿ (ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಡೈ ಬಿಟ್ಟು ತೆಗೆಯುವ ಸ್ಕ್ಯಾನ್) ನೆರವಾಗುತ್ತದೆ. ಇದರ ಬಗ್ಗೆ ನಿಮ್ಮ ಸರ್ಜನ್‌ರನ್ನು ಖಂಡಿತ ಕೇಳಿ.

ಮಗುವನ್ನು ಬೋರಲು ಮಲಗಿಸಿ, ಎಕ್ಸ್‌ರೇಯಲ್ಲಿ ಮಟ್ಟ ಗುರುತಿಸಿ, ಮೂಳೆಯ ಹಿಂಭಾಗವನ್ನು ಒಂದೇ ತುಂಡಾಗಿ ಎತ್ತುತ್ತೇವೆ. ನರದ ಬೇರಿಗೆ ಅಂಟಿದ ಗೋಡೆಯನ್ನು ಎಳೆಯಬಾರದು, ಅಷ್ಟನ್ನು ಹಾಗೇ ಬಿಡುವುದೇ ಲೇಸು. ತೂತಿನಲ್ಲಿ ನರದ ಎಳೆ ಸಿಕ್ಕಿದ್ದರೆ ಮೆಲ್ಲಗೆ ಒಳಕ್ಕೆ ಸರಿಸಿ, ಮೈಕ್ರೋಸ್ಕೋಪಿನಡಿ 6-0 ಪ್ರೋಲೀನ್‌ನಂಥ ಸಪೂರ ದಾರದಿಂದ ಹೊಲಿಯುತ್ತೇವೆ. ಆಮೇಲೆ ಸೋರಿಕೆ ಇದೆಯೇ ಎಂದು ನೋಡಲು ಅರಿವಳಿಕೆಯವರು ಕೆಲವು ಸೆಕೆಂಡು ಶ್ವಾಸಕೋಶದ ಒತ್ತಡ ಏರಿಸುತ್ತಾರೆ. ಹೊಲಿಗೆಯ ಸಂದಿನಲ್ಲಿ ಒಂದೇ ಒಂದು ಹನಿ ಜಿನುಗಿದರೂ ಇನ್ನೊಂದು ಹೊಲಿಗೆ ಬೀಳಲೇಬೇಕು. ಮೇಲೆ ಫೈಬ್ರಿನ್ ಅಂಟು, ಬೇಕಿದ್ದರೆ ಕೊಬ್ಬಿನ ತುಣುಕು.

ಅರಿವಳಿಕೆ ತಜ್ಞೆ: ಒಂದು ಮಾತು ಸೇರಿಸುತ್ತೇನೆ. ಕಾಲಿನ ನರಸಂಕೇತಗಳನ್ನು ಆಪರೇಷನ್ ಉದ್ದಕ್ಕೂ ಅಳೆಯಬೇಕು. ಸ್ನಾಯು ಸಡಿಲಿಸುವ ಔಷಧಿ ಉಸಿರಿನ ನಳಿಕೆ ಹಾಕುವಾಗ ಮಾತ್ರ. ಮುಂದುವರಿಸಿದರೆ ಸಂಕೇತ ಸಿಗುವುದಿಲ್ಲ. ಉಸಿರಿನ ಮೂಲಕ ಕೊಡುವ ಅರಿವಳಿಕೆಯೂ ಸಂಕೇತವನ್ನು ಕುಗ್ಗಿಸುವುದರಿಂದ ರಕ್ತನಾಳದ ಮೂಲಕ ಕೊಡುವ ಅರಿವಳಿಕೆ ಔಷಧಿ ಪ್ರೊಪೊಫಾಲ್‌ನ ಡ್ರಿಪ್ಪೇ ವಾಸಿ.

ಪ್ರಶ್ನೆ (ತಾಯಿ): ಮುಂದೆ ಬೆನ್ನು ಗೂನಾಗುತ್ತದೆಯೇ ಸರ್?

ಉತ್ತರ (ಮಕ್ಕಳ ನರಶಸ್ತ್ರಚಿಕಿತ್ಸಕ): ಬೆಳೆಯುವ ಮಕ್ಕಳಲ್ಲಿ ಆ ಭಯ ನಿಜ. ಅದಕ್ಕೇ ಎತ್ತಿದ ಮೂಳೆಯನ್ನು ಎಸೆಯದೆ, ಪುಟ್ಟ ಪ್ಲೇಟು ಅಥವಾ ದಾರದಿಂದ ವಾಪಸ್ ಕೂರಿಸುತ್ತೇವೆ. ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೆಳವಣಿಗೆ ಮುಗಿಯುವವರೆಗೂ ನಿಲ್ಲಿಸಿ ತೆಗೆದ ಎಕ್ಸ್‌ರೇ ನೋಡುತ್ತಿರಬೇಕು.

ಮನೆಗೆ ಹೋದ ಮೇಲೆ ಗಾಯದಿಂದ ತಿಳಿನೀರು ಬಂದರೆ, ಗಾಯದಡಿ ಮೆತ್ತಗೆ ಉಬ್ಬಿದರೆ, ಎದ್ದು ಕೂತಾಗ ತಲೆನೋವು ಹೆಚ್ಚಿದರೆ, ಜ್ವರ ಬಂದರೆ ಅದೇ ದಿನ ತೋರಿಸಿ. ಆಪರೇಷನ್ನಿಗೆ ಮುಂಚೆಯಾಗಲಿ ಆಮೇಲಾಗಲಿ, ಮೂತ್ರ ಕಟ್ಟಿದರೆ ಅಥವಾ ಕಾಲಿನ ಶಕ್ತಿ ಗಂಟೆಗಂಟೆಗೂ ಇಳಿಯುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಕರೆತನ್ನಿ.

ಇನ್ನೊಂದು: ಮಗಳ ಕಣ್ಣಿನ ರೆಪ್ಪೆಯಲ್ಲಿ ಕೂದಲು ಎರಡು ಸಾಲು ಇದೆಯೇ? ಮನೆಯಲ್ಲಿ ಯಾರಿಗಾದರೂ ಕಾಲು ಬಾತುಕೊಳ್ಳುವ ತೊಂದರೆ ಇದೆಯೇ? ಫಾಕ್ಸ್‌ಸಿ2 ಜೀನ್ ದೋಷದಲ್ಲಿ ಇವೆರಡರ ಜೊತೆ ಇಂಥ ಸಿಸ್ಟ್ ಬರುವುದುಂಟು. ಇದ್ದರೆ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.