ಗುಟ್ಟು, ಗೋಪ್ಯ, ಮೇಲಾಟ, ಗೆಳೆತನ: ‘ಅಗ್ಲಿ ಬೆಟ್ಟಿ’ಯ ಕಚೇರಿಗೆ ಒಗ್ಗುವ ಪದಗಳು ಯಾವುವು?

ಬಳಗದ ಹಿರಿಯರಿಗೂ ಗೆಳೆಯರಿಗೂ ವಂದನೆಗಳು.

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2006ರ ಸೆಪ್ಟೆಂಬರ್‌ನಿಂದ 2010ರ ಏಪ್ರಿಲ್‌ವರೆಗೆ ಪ್ರಸಾರವಾದ ‘ಅಗ್ಲಿ ಬೆಟ್ಟಿ’ ಎಂಬ ಹಾಸ್ಯ ಧಾರಾವಾಹಿಯನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ನ್ಯೂಯಾರ್ಕಿನ ‘ಮೋಡ್’ ಎಂಬ ಕಲ್ಪಿತ ಫ್ಯಾಷನ್ ಪತ್ರಿಕೆಯ ಕಚೇರಿಯೇ ಕಥೆಯ ರಂಗಸ್ಥಳ. ಅಲ್ಲಿ ಯಾರು ಯಾರಿಗೆ ಎದುರಾಳಿ, ಯಾರ ಗುಟ್ಟು ಯಾರ ಕೈಯಲ್ಲಿದೆ, ಯಾರು ಯಾರಿಗೆ ಎಷ್ಟು ಹತ್ತಿರ ಎಂಬುದು ಕಂತಿನಿಂದ ಕಂತಿಗೆ ಬದಲಾಗುತ್ತ ಹೋಗುತ್ತದೆ. ಈ ಸಂಬಂಧಗಳನ್ನು ಹೆಸರಿಸುವಾಗ ಕನ್ನಡದಲ್ಲಿ ಪದಗಳಿಗೆ ಕೊರತೆಯಿಲ್ಲ. ಹತ್ತಿರದ ಪದಗಳು ಬೇಕಾದಷ್ಟಿದ್ದು, ಯಾವುದನ್ನು ಎಲ್ಲಿ ಇಟ್ಟರೆ ಕಿವಿಗೆ ಒಪ್ಪುತ್ತದೆ ಎಂಬುದೇ ಪ್ರಶ್ನೆಯಾಗಿದೆ. ಹಾಗಾಗಿ ನಿಮ್ಮೆಲ್ಲರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ಧಾರಾವಾಹಿಯನ್ನು ನೋಡದವರಿಗಾಗಿ ಎರಡು ಮಾತು. ಇದರ ಮೂಲ 1999ರಲ್ಲಿ ಆರಂಭವಾದ ಕೊಲಂಬಿಯಾದ ಒಂದು ಸ್ಪ್ಯಾನಿಷ್ ಧಾರಾವಾಹಿ. ಅದೇ ಮೂಲದಿಂದ ಸೋನಿ ವಾಹಿನಿಯವರು 2003ರಲ್ಲಿ ಹಿಂದಿಗೆ ತಂದ, ಮೋನಾ ಸಿಂಗ್ ಅಭಿನಯದ ‘ಜಸ್ಸಿ ಜೈಸಿ ಕೋಯಿ ನಹೀ’ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಎರಡರಲ್ಲೂ ಇದ್ದದ್ದು ಉಡುಪಿನ ಕಂಪನಿ. ಪತ್ರಿಕೆಯ ಕಚೇರಿ ಅಮೆರಿಕದವರು ಮಾಡಿಕೊಂಡ ಬದಲಾವಣೆ. ಮಾತನ್ನು ಮಾರಿ ಬದುಕುವವರ ನಡುವೆ ಮಾತನ್ನು ಮುಚ್ಚಿಡುವ ಕಥೆಯನ್ನು ಹೂಡಿದ್ದು ಜಾಣತನವೆಂದೇ ನನಗೆ ತೋರುತ್ತದೆ. ಕ್ವೀನ್ಸ್ ಬಡಾವಣೆಯ ಮೆಕ್ಸಿಕನ್ ಮೂಲದ ಮನೆಯಿಂದ ಬಂದ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಬೆಟ್ಟಿ ಸುವಾರೆಜ್, ಪ್ರಧಾನ ಸಂಪಾದಕ ಡೇನಿಯಲ್ ಮೀಡ್‌ನಿಗೆ ಸಹಾಯಕಿಯಾಗಿ ಸೇರುತ್ತಾಳೆ. ಮಗ ಮೋಹಕ್ಕೆ ಬಿದ್ದು ಕೆಲಸ ಕೆಡಿಸಿಕೊಳ್ಳದಿರಲಿ ಎಂದು, ಅವನ ಕಣ್ಣಿಗೆ ಚೆಲುವೆಯೆನಿಸದ ಹುಡುಗಿಯನ್ನು ಪತ್ರಿಕೆಯ ಮಾಲೀಕನಾದ ತಂದೆ ಬ್ರಾಡ್‌ಫರ್ಡ್ ಬೇಕೆಂತಲೇ ಆರಿಸಿರುತ್ತಾನೆ. ಈ ಕಾರಣ ಬೆಟ್ಟಿಗೆ ಮೊದಲಿಗೆ ತಿಳಿದಿರುವುದಿಲ್ಲ. ಬೆಟ್ಟಿಯ ಪಾತ್ರಕ್ಕಾಗಿ ಅಮೆರಿಕಾ ಫೆರೆರಾ 2007ರಲ್ಲಿ ಎಮ್ಮಿ ಪ್ರಶಸ್ತಿಯನ್ನು ಪಡೆದರು.

ಮೊದಲ ತೊಡಕು ‘ಗುಟ್ಟು’, ‘ರಹಸ್ಯ’, ‘ಗೋಪ್ಯ’ ಎಂಬ ಮೂರು ಪದಗಳದು. ನಿಘಂಟು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟರೂ ಬಳಕೆಯಲ್ಲಿ ಇವು ಒಂದೇ ಅಲ್ಲವೆಂದು ನನ್ನ ತಿಳಿವಳಿಕೆ. ಗುಟ್ಟಿಗೆ ಯಾವಾಗಲೂ ಒಬ್ಬ ಒಡೆಯ ಇರುತ್ತಾನೆ. ಅವನು ಅದನ್ನು ಬಿಟ್ಟುಕೊಡಬಹುದು, ಬಿಟ್ಟುಕೊಡದೆಯೂ ಇರಬಹುದು. ರಹಸ್ಯಕ್ಕೆ ಒಡೆಯನೇ ಬೇಕೆಂದಿಲ್ಲ. ಅದು ಪತ್ತೇದಾರಿ ಕಾದಂಬರಿಯ ಸರಕು, ಯಾರಾದರೂ ಭೇದಿಸಲೆಂದು ಕಾದು ಕುಳಿತದ್ದು. ಗೋಪ್ಯ ಎಂಬುದು ಕಚೇರಿಯ ಕಡತದ ಮೇಲಿನ ಮುದ್ರೆ. ಕ್ರಿಯಾಪದಗಳೂ ಈ ಭೇದವನ್ನು ಕಾಯ್ದುಕೊಂಡಿವೆ: ಗುಟ್ಟು ರಟ್ಟಾಗುತ್ತದೆ, ರಹಸ್ಯ ಬಯಲಾಗುತ್ತದೆ, ಗೋಪ್ಯ ಮಾಹಿತಿ ಸೋರಿಕೆಯಾಗುತ್ತದೆ. ‘ಗೋಪ್ಯ ರಟ್ಟಾಯಿತು’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಧಾರಾವಾಹಿಯಲ್ಲಿ ಮೂರಕ್ಕೂ ಎಡೆಯಿದೆ. ಹಿಂದಿನ ಸಂಪಾದಕಿ ಫೇ ಸಮರ್ಸ್ ಕಾರು ಅಪಘಾತದಲ್ಲಿ ಸತ್ತದ್ದು ಹೇಗೆಂಬುದು ರಹಸ್ಯ. ಆ ಕೊಲೆಯ ಆಪಾದನೆ ಬ್ರಾಡ್‌ಫರ್ಡ್‌ನ ಮೇಲೆ ಬಂದು, ಕೊನೆಗೆ ಅವನ ಹೆಂಡತಿ ಕ್ಲೇರ್ ತಪ್ಪೊಪ್ಪಿಕೊಳ್ಳುವವರೆಗೆ ಅದು ಬೆಳೆಯುತ್ತದೆ. ಅಚ್ಚಿಗೆ ಹೋಗುವ ಮುಂಚಿನ ಸಂಚಿಕೆಯ ಪ್ರತಿ, ನಮ್ಮ ಪತ್ರಿಕಾ ಕಚೇರಿಗಳಲ್ಲಿ ‘ಡಮ್ಮಿ’ ಎಂದು ಕರೆಯುವಂಥದ್ದು, ಗೋಪ್ಯ. ಎರಡನೆಯ ಕಂತಿನಲ್ಲಿ ಡೇನಿಯಲ್ ನಂಬಿ ಕೊಟ್ಟ ಆ ಡಮ್ಮಿಯನ್ನು ಬೆಟ್ಟಿ ಮನೆಗೆ ಒಯ್ಯುತ್ತಾಳೆ. ಒಬ್ಬ ನಟಿಯ ತಿದ್ದದ ಚಿತ್ರಗಳು ಅದರೊಳಗಿರುವಾಗಲೇ ಅದು ಕಾಣೆಯಾಗುತ್ತದೆ. ಬೆಟ್ಟಿಯ ತಂದೆ ಇಗ್ನಾಸಿಯೊ ದಾಖಲೆಯಿಲ್ಲದೆ ಅಮೆರಿಕದಲ್ಲಿ ನೆಲೆಸಿರುವುದು ಮಾತ್ರ ಅಪ್ಪಟ ಗುಟ್ಟು. ಹೃದಯದ ತೊಂದರೆಗೆ ಔಷಧಿ ಬೇಕು. ವಿಮೆಯವರೊಡನೆ ಮಾತಾಡು ಎಂದರೆ ಅವನು ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಾನೆ. ಬೆಟ್ಟಿ ತಾನೇ ಬೆನ್ನು ಹತ್ತಿದಾಗ, ಅವನು ತೀರಿಹೋದ ಮತ್ತೊಬ್ಬರ ಸಾಮಾಜಿಕ ಭದ್ರತಾ ಸಂಖ್ಯೆಯನ್ನು ಬಳಸುತ್ತಿದ್ದ ಸಂಗತಿ ಹೊರಬೀಳುತ್ತದೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ನಮ್ಮ ಗಾದೆಯ ಎರಡು ಅರ್ಧಗಳೂ ಇಲ್ಲಿ ಒಂದಕ್ಕೊಂದು ಎದುರಾಗಿ ನಿಂತಿವೆ: ವ್ಯಾಧಿಯನ್ನು ರಟ್ಟು ಮಾಡದೆ ಔಷಧಿ ಸಿಗದು, ರಟ್ಟು ಮಾಡಿದರೆ ಸಂಸಾರದ ಗುಟ್ಟು ಉಳಿಯದು. ಈ ಗಾದೆಯನ್ನು ಲೇಖನದಲ್ಲಿ ಬಳಸಿಕೊಳ್ಳಬೇಕೆಂದಿದ್ದೇನೆ. ‘ಸಂಸಾರ’ ಎಂಬುದಕ್ಕೆ ಇಲ್ಲಿ ಗಂಡ-ಹೆಂಡಿರ ನಡುವಿನದು ಎಂಬ ಇಕ್ಕಟ್ಟಾದ ಅರ್ಥವೇ ಇರುವುದೋ, ಇಡೀ ಮನೆಯ ಸಂಗತಿ ಎಂದು ಹಿಗ್ಗಿಸಬಹುದೋ, ನಿಮ್ಮ ನಿಮ್ಮ ಕಡೆಯ ಬಳಕೆಯನ್ನು ತಿಳಿಸಿದರೆ ಉಪಕಾರವಾದೀತು.

ಇದರ ಬೆನ್ನಿಗೇ ಒಂದು ವ್ಯಾಕರಣದ ಪ್ರಶ್ನೆ. ಮಂತ್ರಿಗಳು ಪ್ರಮಾಣವಚನ ಸ್ವೀಕರಿಸಿದ ಸುದ್ದಿಯಲ್ಲಿ ಕೆಲವು ಪತ್ರಿಕೆಗಳು ‘ಅಧಿಕಾರ ಮತ್ತು ಗೋಪ್ಯತೆ’ ಎಂದೂ ಕೆಲವು ‘ಗೌಪ್ಯತೆ’ ಎಂದೂ ಬರೆಯುತ್ತವೆ. ಗೋಪ್ಯಕ್ಕೆ ‘ತೆ’ ಸೇರಿ ಗೋಪ್ಯತೆ ಆಗುವುದು ಸರಿಯೇ. ಆದರೆ ‘ಗೌಪ್ಯ’ವನ್ನೇ ಭಾವನಾಮವೆಂದು ಒಪ್ಪಿದ ಮೇಲೆ ಅದಕ್ಕೆ ಮತ್ತೆ ‘ತೆ’ ಹಚ್ಚುವುದು ಒಂದರ ಮೇಲೊಂದು ಪ್ರತ್ಯಯವನ್ನು ಪೇರಿಸಿದಂತಾಗುವುದಿಲ್ಲವೇ? ನಾನು ‘ಗೋಪ್ಯತೆ’ಯನ್ನೇ ಇಟ್ಟುಕೊಂಡಿದ್ದೇನೆ. ಬಳಕೆಯೇ ಪ್ರಮಾಣವೆನ್ನುವವರು ಇನ್ನೊಂದರ ಪರವಾಗಿ ವಾದಿಸಿದರೆ ಕೇಳಲು ಸಿದ್ಧನಿದ್ದೇನೆ.

ಬೆಟ್ಟಿಯ ಹುದ್ದೆಗೆ ನಮ್ಮ ಸರಕಾರಿ ಕನ್ನಡದಲ್ಲಿ ಒಂದು ಸೊಗಸಾದ ಹೆಸರು ಮೊದಲೇ ಇದೆ: ‘ಆಪ್ತ ಸಹಾಯಕಿ’. ವಿಧಾನಸೌಧದ ಕೊಠಡಿಯ ಬಾಗಿಲಲ್ಲಿ ಈ ಫಲಕವನ್ನು ನೋಡುವಾಗ ‘ಆಪ್ತ’ದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಆದರೆ ನಂಬಿಕೆಗೆ ಅರ್ಹ, ಹತ್ತಿರದ ಎಂಬ ಅದರ ಮೂಲಾರ್ಥ ಈ ಧಾರಾವಾಹಿಯಲ್ಲಿ ಜೀವಂತವಾಗಿದೆ. ಹುದ್ದೆಯಿಂದ ಆಪ್ತಳಾದವಳು ನಡತೆಯಿಂದ ಆಪ್ತಳಾಗುವುದೇ ಮೊದಲ ಸರಣಿಯ ನಡೆ. ಅದೇ ಪತ್ರಿಕೆಯ ಹಿರಿಯ ಅಧಿಕಾರಿ ವಿಲ್ಹೆಲ್ಮಿನಾ ಸ್ಲೇಟರ್‌ಳ ಸಹಾಯಕ ಮಾರ್ಕ್‌ನಿಗೂ ಇದೇ ಹುದ್ದೆ. ಅವನು ಯಜಮಾನಿಯ ಮಸಲತ್ತುಗಳನ್ನೆಲ್ಲ ಬಲ್ಲವನು. ಅಂದಹಾಗೆ, ಈ ವಿಲ್ಹೆಲ್ಮಿನಾ ಒಂದು ಕಾಲದಲ್ಲಿ ಇದೇ ಫೇ ಸಮರ್ಸ್‌ಳ ಸಹಾಯಕಿಯಾಗಿದ್ದ ವಾಂಡಾ. ಅದನ್ನು ‘ಪೂರ್ವಾಶ್ರಮದ ಹೆಸರು’ ಎಂದು ಬರೆದಿದ್ದೇನೆ. ಸ್ವಾಮಿಗಳಿಗೆ ಮೀಸಲಾದ ಮಾತನ್ನು ಈ ಮಹಾತಾಯಿಗೆ ಹಚ್ಚಿದ್ದಕ್ಕೆ ಯಾರೂ ಬೇಸರಿಸಬಾರದು.

ಎರಡನೆಯದು ಪೈಪೋಟಿಯ ವರ್ಗದ ಪದಗಳು. ‘ಸ್ಪರ್ಧೆ’ ಎಂದೊಡನೆ ಬಹುಮಾನ, ತೀರ್ಪುಗಾರರು, ನಿಯಮಾವಳಿ ಎಲ್ಲ ಕಣ್ಣಮುಂದೆ ಬರುತ್ತವೆ. ವಿಲ್ಹೆಲ್ಮಿನಾಳಿಗೂ ಡೇನಿಯಲ್‌ನಿಗೂ ನಡುವೆ ಇರುವುದು ಅಂಥದ್ದಲ್ಲ. ಫೇ ಸತ್ತ ಮೇಲೆ ಪ್ರಧಾನ ಸಂಪಾದಕಿಯ ಕುರ್ಚಿ ತನ್ನದೇ ಎಂದುಕೊಂಡಿದ್ದ, ವರ್ಷಗಟ್ಟಲೆ ಅಲ್ಲಿ ದುಡಿದ ಹೆಂಗಸಿಗೆ, ಮಾಲೀಕನ ಮಗನೆಂಬ ಕಾರಣಕ್ಕೆ ಡೇನಿಯಲ್ ಅಡ್ಡ ಬಂದಿದ್ದಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಆ ಸಂಕಟದಲ್ಲಿ ನ್ಯಾಯವೂ ಇದೆ. ಆದ್ದರಿಂದ ‘ಹಗೆ’ ತೀರ ಕಟುವಾಯಿತು, ‘ಮತ್ಸರ’ ಅವಳ ಯೋಗ್ಯತೆಯನ್ನು ಮರೆಸುತ್ತದೆ. ‘ಜಿದ್ದು’ ಎಂಬುದೇ ಸರಿಯೆಂದು ನನಗೆ ಕಾಣುತ್ತದೆ; ಅದರಲ್ಲಿ ಹಟವಿದೆ, ಛಲವಿದೆ, ಎದುರಾಳಿಯ ಬಗ್ಗೆ ಒಂದು ಬಗೆಯ ಲೆಕ್ಕವೂ ಇದೆ. ಕೊನೆಯ ಕಂತಿನಲ್ಲಿ ಡೇನಿಯಲ್ ತಾನಾಗಿಯೇ ಹುದ್ದೆ ಬಿಟ್ಟು ಪತ್ರಿಕೆಯನ್ನು ಅವಳ ಕೈಗೆ ಒಪ್ಪಿಸುವುದು ಜಿದ್ದಿನ ನಂತರ ಸಹಜವಾಗಿ ಬರುತ್ತದೆ, ಹಗೆಯ ನಂತರ ಬರುವುದಿಲ್ಲ.

ಡೇನಿಯಲ್‌ನಿಗೂ ಅಲೆಕ್ಸಿಸ್‌ಳಿಗೂ ನಡುವಿನದಕ್ಕೆ ಮಾತ್ರ ಕನ್ನಡದಲ್ಲಿ ಅಳತೆ ತೆಗೆದು ಹೊಲಿದಂಥ ಪದವಿದೆ. ಸತ್ತನೆಂದು ಎಲ್ಲರೂ ನಂಬಿದ್ದ ಅಣ್ಣ, ಲಿಂಗ ಪರಿವರ್ತನೆ ಮಾಡಿಸಿಕೊಂಡು ಅಲೆಕ್ಸಿಸ್ ಎಂಬ ಅಕ್ಕನಾಗಿ ಹಿಂದಿರುಗುತ್ತಾಳೆ. ಅದಕ್ಕೂ ಮೊದಲು ಮರೆಯಲ್ಲೇ ಇದ್ದು, ವಿಲ್ಹೆಲ್ಮಿನಾಳ ಜೊತೆಗೂಡಿ ತಂದೆಯ ವಿರುದ್ಧ ಸಂಚು ಹೂಡಿರುತ್ತಾಳೆ. ತಂದೆ ಜೈಲಿಗೆ ಹೋದ ಮೇಲೆ ಆಡಳಿತ ಇಬ್ಬರ ಕೈಗೂ ಬರುತ್ತದೆ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯನ್ನು ನೆನೆದು ‘ದಾಯಾದಿ ಮತ್ಸರ’ ಎಂದು ಬರೆದಿದ್ದೇನೆ. ದಾಯ ಎಂದರೆ ಆಸ್ತಿಯ ಪಾಲು, ಜಗಳವೂ ಅದಕ್ಕೇ. ಆದರೆ ಒಂದು ಸಂಶಯ ಉಳಿದಿದೆ. ಬಳಕೆಯಲ್ಲಿ ದಾಯಾದಿಗಳೆಂದರೆ ಗಂಡು ಮಕ್ಕಳು, ಅವರ ಮಕ್ಕಳು. ಹೆಣ್ಣು ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿರುವ ಈ ಕಾಲದಲ್ಲಿ ಅಕ್ಕ-ತಮ್ಮಂದಿರನ್ನೂ ದಾಯಾದಿಗಳೆಂದು ಕರೆಯುವ ರೂಢಿ ಎಲ್ಲಿಯಾದರೂ ಬಂದಿದೆಯೇ? ಬಳಗದಲ್ಲಿರುವ ವಕೀಲ ಮಿತ್ರರು ಹೇಳಬೇಕು.

ಬೆಟ್ಟಿ ಮತ್ತು ಮಾರ್ಕ್‌ನ ನಡುವಿನದಕ್ಕೆ ‘ಮೇಲಾಟ’ ಎಂದಿದ್ದೇನೆ. ಪತ್ರಿಕೆಗಳು ಈ ಪದವನ್ನು ರಾಜಕೀಯಕ್ಕೆ ಎಷ್ಟು ಬಳಸಿವೆಯೆಂದರೆ ಅದು ಈಗ ಖಾದಿ ತೊಟ್ಟುಕೊಂಡೇ ಬರುತ್ತದೆ. ಆದರೂ ಒಬ್ಬರಿಗಿಂತ ಒಬ್ಬರು ಮೇಲೆನಿಸಿಕೊಳ್ಳುವ ಆಟ ಎಂಬ ಅರ್ಥ ಇಬ್ಬರು ಸಹಾಯಕರಿಗೆ ಚೆನ್ನಾಗಿ ಹೊಂದುತ್ತದೆ. ಮೂರನೆಯ ಸರಣಿಯ ಕೊನೆಗೆ ಇಬ್ಬರೂ ಒಂದೇ ಸಂಪಾದಕ ಹುದ್ದೆಗೆ ಕಣ್ಣಿಟ್ಟು, ಅದು ಬೆಟ್ಟಿಯ ಪಾಲಾಗುತ್ತದೆ. ಹಳೆಯ ಕಾವ್ಯಗಳ ‘ಹುರುಡು’ ಇನ್ನೂ ಚೆನ್ನಾಗಿ ಕೂರುತ್ತಿತ್ತು, ಆದರೆ ಅಡಿಟಿಪ್ಪಣಿ ಬೇಡುವ ಪದವನ್ನು ಹಾಸ್ಯದ ಲೇಖನದಲ್ಲಿ ತರುವುದು ಬೇಡವೆನಿಸಿತು.

ಮೂರನೆಯದು ಗೆಳೆತನ. ಇಲ್ಲಿ ನಾಮಪದಕ್ಕಿಂತ ಸರ್ವನಾಮವೇ ಹೆಚ್ಚು ಕಾಡಿಸಿತು. ಧಾರಾವಾಹಿಯ ಇಂಗ್ಲಿಷ್ ಸಂಭಾಷಣೆಯಲ್ಲಿ ಏಕವಚನ, ಬಹುವಚನದ ಭೇದವಿಲ್ಲ. ಕನ್ನಡದಲ್ಲಿ ಒಂದು ಮಾತನ್ನು ಉದ್ಧರಿಸಬೇಕೆಂದರೂ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ವಿಲ್ಹೆಲ್ಮಿನಾ ಮಾರ್ಕ್‌ನಿಗೆ ‘ನೀನು’ ಎನ್ನುತ್ತಾಳೆ, ಮಾರ್ಕ್ ಅವಳಿಗೆ ‘ನೀವು’ ಎನ್ನುತ್ತಾನೆ, ಇದರಲ್ಲಿ ಗೊಂದಲವಿಲ್ಲ. ಮಾರ್ಕ್ ಬೆಟ್ಟಿಯನ್ನು ಮೊದಲ ದಿನದಿಂದಲೇ ಏಕವಚನದಲ್ಲಿ ಕರೆಯುತ್ತಾನೆ, ತಿರಸ್ಕಾರದಿಂದ. ನಾಲ್ಕನೆಯ ಸರಣಿಯಲ್ಲೂ ಏಕವಚನವೇ, ಆದರೆ ಈಗ ಸಲಿಗೆಯಿಂದ. ಒಂದೇ ‘ನೀನು’ ಇಷ್ಟು ದೂರ ನಡೆದು ಬಂದದ್ದು ಎಲ್ಲಿ ಎಂದು ಹುಡುಕಿದರೆ ಮೊದಲ ಸರಣಿಯ ಒಂದು ಕಂತು ಸಿಗುತ್ತದೆ. ತಾನು ಸಲಿಂಗಿ ಎಂಬುದನ್ನು ತಾಯಿಯಿಂದ ಮುಚ್ಚಿಟ್ಟಿರುವ ಮಾರ್ಕ್, ಅವಳು ಊರಿಗೆ ಬಂದಾಗ ಬೆಟ್ಟಿಯೇ ತನ್ನ ಪ್ರೇಯಸಿಯೆಂದು ನಟಿಸಲು ಅವಳನ್ನೇ ಒಪ್ಪಿಸುತ್ತಾನೆ. ಆ ತಾಯಿ ಬೆಟ್ಟಿಯ ಅಕ್ಕನ ಮಗ ಜಸ್ಟಿನ್ನನ ನಡೆನುಡಿಯನ್ನು ಹಂಗಿಸಿದಾಗ ಮಾರ್ಕ್‌ನಿಗೆ ತಡೆಯಲಾಗುವುದಿಲ್ಲ. ಹುಡುಗನ ಪರವಾಗಿ ನಿಂತು ತನ್ನ ಗುಟ್ಟನ್ನು ತಾನೇ ಬಿಚ್ಚಿಡುತ್ತಾನೆ. ತಾಯಿ ಒಪ್ಪಿಕೊಳ್ಳುವುದಿಲ್ಲ. ಅಲ್ಲಿ ಉಳಿದವಳು ಬೆಟ್ಟಿ. ಎಣ್ಣೆ-ಸೀಗೆಕಾಯಿಯಂತಿದ್ದ ಇಬ್ಬರ ನಡುವೆ ಮೊದಲ ಸಲ ‘ನೀನು’ ಬಯ್ಗುಳವಾಗಿ ಕೇಳಿಸುವುದಿಲ್ಲ. ಮುಂದೆ ಅದೇ ಜಸ್ಟಿನ್‌ನಿಗೆ ತನ್ನನ್ನು ತಾನು ಅರಿತುಕೊಳ್ಳುವ ಹೊತ್ತಿನಲ್ಲಿ ಜೊತೆಯಾಗುವವನೂ ಮಾರ್ಕ್‌ನೇ.

ಅಮಾಂಡಾಳ ವಿಷಯ ಇಷ್ಟು ನೇರವಿಲ್ಲ. ಡೇನಿಯಲ್‌ನ ಸಹಾಯಕಿಯ ಕೆಲಸಕ್ಕೆ ಆಸೆಪಟ್ಟು ಸ್ವಾಗತದ ಮೇಜಿನಲ್ಲೇ ಉಳಿದ ಅವಳು, ತಾನು ಫೇ ಸಮರ್ಸ್‌ಳ ಮಗಳೆಂಬ ಹುಟ್ಟಿನ ಗುಟ್ಟನ್ನು ಕಂಡುಕೊಳ್ಳುತ್ತಾಳೆ. ಮೂರನೆಯ ಸರಣಿಯಲ್ಲಿ ಬೆಟ್ಟಿಯ ಬಾಡಿಗೆ ಮನೆಯಲ್ಲೇ ಬಂದು ತಂಗುತ್ತಾಳೆ. ಕಾಲೆಳೆಯುವುದನ್ನು ಮಾತ್ರ ಬಿಡುವುದಿಲ್ಲ. ಇದಕ್ಕೆ ‘ಒಡನಾಟ’ ಸಾಕು, ‘ಸ್ನೇಹ’ ಹೆಚ್ಚಾಯಿತು. ಹೊಲಿಗೆ ಕೋಣೆಯ ಕ್ರಿಸ್ಟಿನಾ ಬೆಟ್ಟಿಗೆ ಮೊದಲ ದಿನದಿಂದಲೂ ಗೆಳತಿ. ಗಂಡನ ಚಿಕಿತ್ಸೆಯ ಹಣಕ್ಕಾಗಿ ವಿಲ್ಹೆಲ್ಮಿನಾಳಿಗೆ ಬಾಡಿಗೆ ತಾಯಿಯಾಗಲು ಗುಟ್ಟಾಗಿ ಒಪ್ಪಿಕೊಂಡ ಮೇಲೂ ಆ ಪದವನ್ನು ಬದಲಿಸಬೇಕೆಂದು ನನಗೆ ಅನಿಸಲಿಲ್ಲ.

ಉಳಿದದ್ದು ಬೆಟ್ಟಿ ಮತ್ತು ಡೇನಿಯಲ್. ಹೆಣ್ಣು ಹೆಣ್ಣಿಗೆ ಗೆಳತಿಯೆಂದರೆ ಇಂದಿಗೂ ಹಳೆಯ ಅರ್ಥವೇ. ಗಂಡಿನ ಹೆಸರಿನ ಪಕ್ಕದಲ್ಲಿ ಬಂದ ‘ಗೆಳತಿ’ಗೆ ಸಿನಿಮಾ ಪುಟಗಳೂ ಅಪರಾಧ ಸುದ್ದಿಗಳೂ ಸೇರಿ ಪ್ರೇಯಸಿ ಎಂಬ ಅರ್ಥವನ್ನು ಅಂಟಿಸಿಬಿಟ್ಟಿವೆ. ‘ಸ್ನೇಹಿತೆ’ಗೆ ಆ ಕಳಂಕ ಅಷ್ಟಾಗಿ ತಟ್ಟಿಲ್ಲವಾದರೂ ಅದು ಆಮಂತ್ರಣ ಪತ್ರಿಕೆಯ ಭಾಷೆಯಂತೆ ಬಿಗಿಯಾಗಿದೆ. ಕೊನೆಯ ಕಂತಿನಲ್ಲಿ ಬೆಟ್ಟಿ ಹೊಸ ಪತ್ರಿಕೆಯ ಕೆಲಸಕ್ಕೆ ಲಂಡನ್ನಿಗೆ ಹೋಗುತ್ತಾಳೆ, ಡೇನಿಯಲ್ ಹಿಂದೆಯೇ ಹೋಗಿ ಟ್ರಫಾಲ್ಗರ್ ಚೌಕದಲ್ಲಿ ಅವಳನ್ನು ಕಾಣುತ್ತಾನೆ. ಅವನ ಮನಸ್ಸಿನಲ್ಲಿ ಇರುವುದು ಸ್ನೇಹವೋ ಪ್ರೀತಿಯೋ ಎಂಬುದನ್ನು ಕಥೆ ಬೇಕೆಂತಲೇ ಹೇಳದೆ ಬಿಡುತ್ತದೆ. ‘ಡೇನಿಯಲ್ ತನ್ನ ಒಡನಾಡಿಯನ್ನು ಅರಸಿಕೊಂಡು ಲಂಡನ್ನಿಗೆ ಹೋದ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ, ಆದರೆ ಸಮಾಧಾನವಿಲ್ಲ. ಒಡನಾಡಿಗಿಂತ ಹತ್ತಿರದ, ಇಂದಿನ ಗೆಳತಿಗಿಂತ ಒಂದು ಹೆಜ್ಜೆ ಈಚಿನ ಪದ ಯಾರ ಊರಿನ ಮಾತಿನಲ್ಲಾದರೂ ಇದ್ದರೆ, ಬಳಕೆಯ ಒಂದೆರಡು ವಾಕ್ಯಗಳೊಡನೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.