ಮೊಣಕಾಲುದ್ದ ನೀರಿನ ಮರುಭೂಮಿ ನದಿಯಲ್ಲಿ ಮೋಟಾರು ದೋಣಿ ನಡೆಸುತ್ತಿದ್ದುದು ಹೇಗೆ?

ಪ್ರಶ್ನೆ (ಅಡೂರಿನಿಂದ):

ಮಾನ್ಯರೇ, ಅಮೆರಿಕದ ಯೂಟಾ ಸೀಮೆಯ ಗ್ರೀನ್ ಮತ್ತು ಕೊಲೊರಾಡೊ ನದಿಗಳಲ್ಲಿ ಹಿಂದಿನ ಕಾಲದ ಜನರು ಸಣ್ಣ ಮೋಟಾರು ದೋಣಿಗಳನ್ನು ಓಡಿಸುತ್ತಿದ್ದ ವಿಷಯವನ್ನು ಕೆಲವು ದಿನಗಳಿಂದ ಓದುತ್ತಿದ್ದೇನೆ. 1958ರಿಂದ ಗ್ರೀನ್ ರಿವರ್ ಎಂಬ ಪೇಟೆಯಿಂದ ಹೊರಟು, ಎರಡು ನದಿಗಳು ಕೂಡುವಲ್ಲಿ ತಿರುಗಿ, ಕೊಲೊರಾಡೊದಲ್ಲಿ ಹರಿವಿಗೆ ಎದುರಾಗಿ ಮೋಆಬ್ ಪೇಟೆಯವರೆಗೆ, ಸುಮಾರು 300 ಕಿಲೋಮೀಟರ್ ದೂರವನ್ನು ಊರವರು ತಮ್ಮ ತಮ್ಮ ದೋಣಿಗಳಲ್ಲಿ ಗುಂಪಾಗಿ ಕ್ರಮಿಸುತ್ತಿದ್ದರು. ನಮ್ಮ ಮನೆಯ ಕೆಳಗೆ ಪಯಸ್ವಿನಿ ಹರಿಯುತ್ತದೆ. ಬೇಸಗೆಯಲ್ಲಿ ಹೊಯಿಗೆ (ಮರಳು) ದಿಣ್ಣೆಗಳು ಮೇಲೆದ್ದಾಗ, ಜಲ್ಲೆ ಊರಿ ನಡೆಸುವ ಹಗುರ ದೋಣಿಯೂ ನಡುಹೊಳೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹಾಗಿರುವಾಗ ನೀರಿನೊಳಗೆ ಒಂದೂವರೆ ಅಡಿ ಇಳಿಯುವ, ದೋಣಿಯನ್ನು ತಳ್ಳುವ ತಿರುಗುಪಂಕವನ್ನು (ಪ್ರೊಪೆಲ್ಲರ್) ಇಟ್ಟುಕೊಂಡು ಅವರು ಅಷ್ಟು ದೂರ ಹೋಗುತ್ತಿದ್ದುದು ಹೇಗೆ? ಮಳೆಗಾಲಕ್ಕೆ ಕಾಯುತ್ತಿದ್ದರೇ?

ಉತ್ತರ 1 (ಕಾಸರಗೋಡು ಕಡಪ್ಪುರದಿಂದ):

ಮೀನುಗಾರಿಕೆ ದೋಣಿಗಳ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್ ದುರಸ್ತಿಯಲ್ಲಿ ಮೂವತ್ತು ವರ್ಷ ಕಳೆದವನಾದ್ದರಿಂದ ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು.

ಮೊದಲು ಕಾಲದ ಮಾತು. ಆ ನದಿಗಳು ತುಂಬುವುದು ಮಳೆಯಿಂದಲ್ಲ, ದೂರದ ರಾಕಿ ಪರ್ವತಗಳ ಹಿಮ ಕರಗುವುದರಿಂದ. ನಮ್ಮ ಪಯಸ್ವಿನಿ ಸೊರಗುವ ಮೇ ತಿಂಗಳ ಕೊನೆಗೇ ಅಲ್ಲಿ ನೀರು ಏರುತ್ತದೆ. ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ ಹೊಳೆ ದಡ ಮುಟ್ಟುತ್ತದೆ. ಆ ಸಾಮೂಹಿಕ ಯಾನವನ್ನು ಮೇ ಕೊನೆಯಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣ ಇದೇ. ಬೇಸಗೆ ಕಳೆಯುತ್ತಿದ್ದಂತೆ ನೀರು ಇಳಿದು ನೀವು ಹೇಳುವ ಹೊಯಿಗೆ ದಿಣ್ಣೆಗಳು ಅಲ್ಲಿಯೂ ಮೇಲೇಳುತ್ತವೆ.

ಇನ್ನು ಆಳದ ಮಾತು. ಚಪ್ಪಟೆ ತಳದ ಹಗುರ ದೋಣಿ ವೇಗ ಹಿಡಿದರೆ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಆಗ ಅದರ ತಳಕ್ಕೆ ಬೇಕಾಗುವ ನೀರು ಕೆಲವೇ ಅಂಗುಲ. ಹೊಸಬನು ಮುಂದೆ ತೆಳುನೀರು ಕಂಡ ಕೂಡಲೇ ಹೆದರಿ ವೇಗ ತಗ್ಗಿಸುತ್ತಾನೆ. ತಗ್ಗಿಸಿದೊಡನೆ ದೋಣಿಯ ಹಿಂಭಾಗ ಕೆಳಗಿಳಿದು ಪಂಕ ಹೊಯಿಗೆಯನ್ನು ಅಗೆಯುತ್ತದೆ, ಅಲ್ಲಿಗೆ ಪ್ರಯಾಣ ನಿಲ್ಲುತ್ತದೆ. ಪಳಗಿದವರು ವೇಗವನ್ನು ಬಿಡದೆ, ಎಂಜಿನ್ನನ್ನು ಸ್ವಲ್ಪ ಹಿಂದಕ್ಕೆ ಎತ್ತಿಕೊಂಡು, ದಿಣ್ಣೆಯನ್ನು ದಾಟಿಬಿಡುತ್ತಿದ್ದರು. ಆದರೆ ಕಲ್ಲಿರುವ ಕಡೆ ಈ ಧೈರ್ಯ ಸಲ್ಲದು.

ಪಂಕ ಕಲ್ಲಿಗೆ ಬಡಿದರೆ ಒಳಗಿನ ಹಲ್ಲುಚಕ್ರಗಳು ಒಡೆಯಬಾರದೆಂದು ಹಳೆಯ ಎಂಜಿನ್ನುಗಳಲ್ಲಿ ತಾನೇ ಮುರಿದುಹೋಗುವ ಒಂದು ಸಣ್ಣ ಪಿನ್ನು ಇರುತ್ತಿತ್ತು. ಅಂಥ ಪಿನ್ನುಗಳನ್ನೂ ಬದಲಿ ಪಂಕವನ್ನೂ ಇಕ್ಕುಳವನ್ನೂ ಕೈಗೆಟಕುವಂತೆ ಇಟ್ಟುಕೊಳ್ಳದವನು ಆ ನದಿಗೆ ಇಳಿಯಬಾರದು. ಅದಕ್ಕಿಂತಲೂ ಮೋಸದ ವಿಷಯವೆಂದರೆ ನೀರಿನಲ್ಲಿ ಬೆರೆತ ಮಣ್ಣು. ಎಂಜಿನ್ನನ್ನು ತಂಪಾಗಿಡುವ ನೀರು ನದಿಯಿಂದಲೇ ಬರಬೇಕು. ಕೆಸರು ನೀರು ಪಂಪಿನ ರಬ್ಬರ್ ಎಲೆಗಳನ್ನು ಅರದಂತೆ ತೇಯುತ್ತದೆ. ಎಂಜಿನ್ನನ್ನು ತಂಪಾಗಿಸಿ ಹಿಂದೆ ಚಿಮ್ಮುವ ನೀರಿನ ಎಳೆ ಸಣಕಲಾದರೆ ತಕ್ಷಣ ನಿಲ್ಲಿಸಬೇಕು. ನಮ್ಮ ಅಳಿವೆಯಲ್ಲಿ ಹೊಯಿಗೆ ನೀರು ಕುಡಿದ ಎಂಜಿನ್ನುಗಳನ್ನು ಬಿಚ್ಚಿದಾಗ ನಾನು ಇದನ್ನೇ ಕಂಡಿದ್ದೇನೆ.

ಉತ್ತರ 2 (ಬದಿಯಡ್ಕದಿಂದ):

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಎಂಜಿನ್ನಿಗಿಂತ ಮೊದಲು ಬೇಕಾದದ್ದು ನೀರನ್ನು ಓದುವ ಕಣ್ಣು ಎಂದು ನನ್ನ ಅಭಿಪ್ರಾಯ. ತಿರುವಿನಲ್ಲಿ ಆಳವಾದ ನೀರು ಹೊರಬದಿಗೆ, ಬಂಡೆಯ ಗೋಡೆಗೆ ಒತ್ತಿಕೊಂಡು ಹರಿಯುತ್ತದೆ. ಒಂದು ತಿರುವು ಮುಗಿದು ಇನ್ನೊಂದು ತಿರುವಿಗಾಗಿ ಆ ಹರಿವು ಎದುರು ದಡಕ್ಕೆ ದಾಟುವ ನಡುವಣ ಜಾಗವೇ ಎಲ್ಲಕ್ಕಿಂತ ತೆಳು, ದೋಣಿಗಳು ಸಿಕ್ಕಿಬೀಳುತ್ತಿದ್ದುದೂ ಹೆಚ್ಚಾಗಿ ಅಲ್ಲೇ. ನೀರಿನ ಮೇಲೆ ಬಾಣದ ಮೊನೆ ಹರಿವಿಗೆ ಎದುರಾಗಿ ತಿರುಗಿದಂತೆ ಅಲೆ ಕಂಡರೆ ಆ ಮೊನೆಯ ಬಳಿ ಕಲ್ಲಿದೆ. ಮೊನೆ ಹರಿವಿನ ದಿಕ್ಕಿಗೇ ತಿರುಗಿದ್ದರೆ ಎರಡು ಅಡ್ಡಿಗಳ ನಡುವೆ ದಾರಿಯಿದೆ.

ಈ ವಿದ್ಯೆ ಮೋಟಾರಿಗಿಂತ ಹಳೆಯದು. ಕೊಲೊರಾಡೊ ನದಿಯ ಕೆಳಭಾಗದಲ್ಲಿ 1852ರಿಂದಲೇ ಉಗಿದೋಣಿಗಳು ಓಡುತ್ತಿದ್ದವು. ಕೊಕೊಪಾ ಎಂಬ ಸ್ಥಳೀಯ ಜನಾಂಗದವರು ಮುಂಭಾಗದಲ್ಲಿ ನಿಂತು ಉದ್ದನೆಯ ಗಳುವಿನಿಂದ ಆಳ ನೋಡುತ್ತಿದ್ದರು. ದಿಣ್ಣೆ ಅಡ್ಡ ಬಂದರೆ ಚಾಲಕರು ದೋಣಿಯನ್ನೇ ಹಿಂದುಮುಂದಾಗಿ ತಿರುಗಿಸಿ, ಹಿಂಬದಿಯ ದೊಡ್ಡ ಚಕ್ರದಿಂದ ಹೊಯಿಗೆಯನ್ನು ಕೊರೆದು ದಾರಿ ಮಾಡಿಕೊಳ್ಳುತ್ತಿದ್ದರು. 1909ರಲ್ಲಿ ಆ ಭಾಗಕ್ಕೆ ಅಡ್ಡಲಾಗಿ ಕಟ್ಟಿದ ಲಗೂನಾ ಅಣೆಕಟ್ಟು ಮುಗಿದಾಗ ಆ ಸಂಚಾರ ಕೊನೆಗೊಂಡಿತು.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅದೇ ನದಿಯ ದಡದ ಲೀಸ್ ಫೆರಿ ಎಂಬ ಜಾಗದ ಉದಾಹರಣೆ ಇದೆ. ಚಾರ್ಲ್ಸ್ ಸ್ಪೆನ್ಸರ್ ಚಿನ್ನ ತೆಗೆಯುವ ಕೆಲಸಕ್ಕಾಗಿ 92 ಅಡಿ ಉದ್ದದ ಉಗಿದೋಣಿ ಕಟ್ಟಿಸಿ 1912ರಲ್ಲಿ ನೀರಿಗಿಳಿಸಿದ. ಮೇಲಿನ ಕಣಿವೆಯಿಂದ ಕಲ್ಲಿದ್ದಲು ತರುವುದಕ್ಕೆಂದೇ ಕಟ್ಟಿಸಿದ ಆ ದೋಣಿ ಹರಿವಿಗೆ ಎದುರಾಗಿ ಏರುವಾಗ ತಾನು ತರಬಲ್ಲ ಕಲ್ಲಿದ್ದಲಿನ ಬಹುಪಾಲನ್ನು ತಾನೇ ಉರಿಸಿತು. ಅದರ ಅವಶೇಷ ಈಗಲೂ ದಡದ ನೀರಿನಲ್ಲಿದೆ.

ಪಂಕವೇ ಇಲ್ಲದ ಪರಿಹಾರ ನ್ಯೂಜಿಲೆಂಡಿನಿಂದ ಬಂತು. ಅಲ್ಲಿನ ತೆಳುನೀರಿನ ಹೊಳೆಗಳಿಗಾಗಿ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ನೀರನ್ನು ಹೀರಿ ಹಿಂದಕ್ಕೆ ಚಿಮ್ಮುವ ಯಂತ್ರವನ್ನು ರೂಪಿಸಿದ. 1960ರಲ್ಲಿ ಅಂಥ ದೋಣಿಗಳು ಗ್ರ್ಯಾಂಡ್ ಕ್ಯಾನ್ಯನ್ನನ್ನು ಕೆಳಗಿನಿಂದ ಮೇಲಕ್ಕೆ ಏರಿದವು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಋಣಿ. ಹಿಮದ ನೀರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಂದು ಸಂದೇಹ ಉಳಿದಿದೆ: ಸಿಕ್ಕಿಬಿದ್ದ ದೋಣಿಯನ್ನು ಬಿಡಿಸುವುದು ಹೇಗೆ?

ಉತ್ತರ 1ರವರು:

ಎಂಜಿನ್ನು ನಿಲ್ಲಿಸಿ, ಮೇಲೆತ್ತಿ, ಎಲ್ಲರೂ ಇಳಿಯಬೇಕು. ಭಾರ ಇಳಿದೊಡನೆ ದೋಣಿ ಅರ್ಧ ಬಿಡುತ್ತದೆ. ಆದರೆ ಇಳಿಯುವಾಗ ದೋಣಿಯ ಅಂಚಿನಿಂದ ಕೈ ತೆಗೆಯಬಾರದು. ದಿಣ್ಣೆಯ ಕೆಳತುದಿಯಲ್ಲಿ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಯಲ್ಲಿ ತಲೆ ಮುಳುಗುವಷ್ಟು ಆಳವಾಗುತ್ತದೆ. ರಾತ್ರಿ ತಂಗುವಾಗ ದೋಣಿಯನ್ನು ತೆಳುನೀರಿನಲ್ಲಿ ಕಟ್ಟಲೂಬಾರದು. ಬೆಳಗಾಗುವಷ್ಟರಲ್ಲಿ ನೀರು ಇಳಿದರೆ ದೋಣಿ ಒಣ ಹೊಯಿಗೆಯ ಮೇಲೆ ಕೂತಿರುತ್ತದೆ.