ಹಳೆಯ ಹೈಬ್ರಿಡ್ ಕಾರು ಕೊಡಗಿನ ಮಳೆಗಾಲಕ್ಕೆ ತಾಳುತ್ತದೆಯೇ?

ಗೋಣಿಕೊಪ್ಪಲಿನವರೊಬ್ಬರು ಕೇಳಿದ್ದಾರೆ: ಮೈಸೂರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ದೊಡ್ಡ ಬ್ಯಾಟರಿಯೂ ಇರುವ 2015ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಒಂದು ಮಾರಾಟಕ್ಕಿದೆ, 92,000 ಕಿಲೋಮೀಟರ್ ಓಡಿದೆ, ಬೆಲೆಯೂ ಕೈಗೆಟುಕುವಂತಿದೆ, ಆದರೆ ಆ ಬ್ಯಾಟರಿ ಕೈಕೊಟ್ಟರೆ ಗತಿಯೇನು? ನಿಕಲ್ ಬ್ಯಾಟರಿಯ ಹೈಬ್ರಿಡ್ ಕಾರೊಂದನ್ನು ನಾನೂ 2019ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡು, ಸುಂಟಿಕೊಪ್ಪದ ಬಳಿಯ ತೋಟದ ಮನೆಯಲ್ಲಿಟ್ಟುಕೊಂಡು ಓಡಿಸುತ್ತಿದ್ದೇನೆ. ಎಲ್ಲರೂ ಹೆದರುವ ಆ ದೊಡ್ಡ ಬ್ಯಾಟರಿಗಿಂತ ನಮ್ಮ ಜಿಲ್ಲೆಯ ತೇವ, ಇಲಿ ಮತ್ತು ಕಾರನ್ನು ವಾರಗಟ್ಟಲೆ ನಿಲ್ಲಿಸುವ ಅಭ್ಯಾಸಗಳೇ ನನ್ನಿಂದ ಹೆಚ್ಚು ಹಣ ಖರ್ಚು ಮಾಡಿಸಿವೆ.

ಮೊದಲು ಬ್ಯಾಟರಿಯ ಮಾತು. ನೀವು ನೋಡಿರುವ ಕಾರಿನಲ್ಲಿ ತಲಾ 7.2 ವೋಲ್ಟಿನ 34 ಚಿಕ್ಕ ಘಟಕಗಳನ್ನು, ಅಂದರೆ ಮಾಡ್ಯೂಲ್‌ಗಳನ್ನು ಸಾಲಾಗಿ ಜೋಡಿಸಿ ಸುಮಾರು 245 ವೋಲ್ಟ್ ಪಡೆಯುತ್ತಾರೆ. ಇಡೀ ಬ್ಯಾಟರಿ ಒಂದೇ ದಿನ ಸಾಯುವುದು ಅಪರೂಪ. ಯಾವುದೋ ಒಂದು ಮಾಡ್ಯೂಲ್ ಸೊರಗಿ ಉಳಿದವುಗಳ ಮೇಲೆ ಭಾರ ಹಾಕುತ್ತದೆ. ನನ್ನ ಕಾರಿಗೆ ಹೊಸ ಬ್ಯಾಟರಿಯ ಅಂದಾಜು ಕೇಳಿದಾಗ ಅದು 3 ಲಕ್ಷ ರೂಪಾಯಿ ದಾಟಿತ್ತು. ನಾಪೋಕ್ಲಿನ ಸ್ನೇಹಿತರೊಬ್ಬರು ಅಷ್ಟು ಕೊಡಲಾಗದೆ, ಹೊರಗಿನ ಗ್ಯಾರೇಜಿನಲ್ಲಿ 38,000 ರೂಪಾಯಿಗೆ ಎರಡು ಮಾಡ್ಯೂಲ್ ಮಾತ್ರ ಬದಲಾಯಿಸಿಕೊಂಡರು. ಎಂಟೇ ತಿಂಗಳಲ್ಲಿ ಇನ್ನೊಂದು ಕೈಕೊಟ್ಟಿತು. ಒಂದೇ ವಯಸ್ಸಿನ ಹಳೆಯ ಮಾಡ್ಯೂಲ್‌ಗಳ ನಡುವೆ ಬೇರೆ ಒಂದೆರಡನ್ನು ಕೂರಿಸುವ ಈ ರಿಪೇರಿ ಕಾರನ್ನು ಮಾರುವವರೆಗೆ ನಡೆಸಲು ಸಾಕಾದೀತೇ ಹೊರತು, ಇಟ್ಟುಕೊಂಡು ಓಡಿಸುವವರಿಗೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಅಂಕಿಗಳನ್ನೂ ದೋಷದ ಕೋಡ್‌ಗಳನ್ನೂ ಓದುವ ಉಪಕರಣ) ಇರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಆ 34 ಮಾಡ್ಯೂಲ್‌ಗಳು ಸ್ಕ್ಯಾನರಿನಲ್ಲಿ ಎರಡೆರಡರಂತೆ 17 ಜೋಡಿಗಳಾಗಿ ಕಾಣಿಸುತ್ತವೆ. ನಿಂತ ಕಾರಿನಲ್ಲಿ ಎಲ್ಲವೂ ಸರಿಸಮವಾಗಿಯೇ ತೋರುತ್ತವೆ. ಭಾರ ಬಿದ್ದಾಗಲೇ ನಿಜ ಹೊರಬರುವುದು. ಕಾರು ಹೇಗೂ ಮೈಸೂರಿನಲ್ಲೇ ಇರುವುದರಿಂದ ಚಾಮುಂಡಿ ಬೆಟ್ಟ ಹತ್ತಿಸಿ, ಏರಿನಲ್ಲಿ ಆ 17 ಅಂಕಿಗಳನ್ನು ಗಮನಿಸಲು ಹೇಳಿ. ಜೋಡಿಗಳ ನಡುವಿನ ವ್ಯತ್ಯಾಸ 0.2 ಅಥವಾ 0.3 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, ಯಾವುದಾದರೂ ಒಂದು ಜೋಡಿ ಉಳಿದವುಗಳಿಗಿಂತ 1 ವೋಲ್ಟಿಗೂ ಹೆಚ್ಚು ಕೆಳಗೆ ಕುಸಿಯುತ್ತಿದ್ದರೆ ಕೈಬಿಡಿ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೂ ಹಾಗೆಯೇ.

ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನನ್ನು ಹೆಚ್ಚಿನವರು ಮರೆಯುತ್ತಾರೆ. ಅದು ಗಾಳಿ ಎಳೆದುಕೊಳ್ಳುವುದು ಕಾರಿನ ಒಳಗಿನಿಂದ, ಹಿಂದಿನ ಸೀಟಿನ ಬಳಿಯ ಜಾಲರಿಯ ಮೂಲಕ. ಕಾಫಿ ಕಣದ ಧೂಳು, ನಮ್ಮ ನಾಯಿಯ ರೋಮ ಎರಡೂ ಸೇರಿ ನನ್ನ ಕಾರಿನ ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ಕಂಬಳಿ ಹೊದಿಸಿದಂತೆ ಅಂಟಿಕೊಂಡಿದ್ದವು. ಬೆರಳಿನಿಂದ ಎಳೆದರೆ ಹಾಳೆಯಂತೆ ಎದ್ದುಬರುತ್ತಿತ್ತು. ಶುಚಿ ಮಾಡಿಸಲು ತಗಲಿದ್ದು 1,500 ರೂಪಾಯಿ ಮತ್ತು ಅರ್ಧ ದಿನ. ಅದನ್ನು ಹಾಗೆಯೇ ಬಿಟ್ಟಿದ್ದರೆ ಬ್ಯಾಟರಿ ಬಿಸಿಯಾಗಿ ಬೇಗ ಸವೆಯುತ್ತಿತ್ತು. ನೀವೂ ಆ ಜಾಲರಿಯ ಒಳಗೆ ಟಾರ್ಚ್ ಹಾಕಿ ನೋಡಿ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು 2022ರ ಜುಲೈನಲ್ಲಿ. ಎಡೆಬಿಡದ ಮಳೆಯಿಂದಾಗಿ ಒಂಬತ್ತು ದಿನ ಕಾರನ್ನು ಶೆಡ್ಡಿನಿಂದ ತೆಗೆದಿರಲಿಲ್ಲ. ಹತ್ತನೆಯ ದಿನ ಹೊರಟಾಗ ಎಚ್ಚರಿಕೆಯ ತ್ರಿಕೋನ ಹೊತ್ತಿಕೊಂಡಿತು, ಮರುದಿನ ಕಾರು ಹೊರಡಲು ಸಿದ್ಧ ಎಂಬ ‘ರೆಡಿ’ ಸೂಚನೆ ತೋರಿಸಲೇ ಇಲ್ಲ. ಸ್ಕ್ಯಾನರ್ ತೋರಿಸಿದ ಕೋಡ್ ಪಿ0ಎಎ6, ಅಂದರೆ ಹೆಚ್ಚು ವೋಲ್ಟೇಜಿನ ವಿದ್ಯುತ್ತು ಎಲ್ಲೋ ಕಾರಿನ ಮೈಗೆ ಸೋರುತ್ತಿದೆ ಎಂದರ್ಥ. ಬಾನೆಟ್ಟಿನ ಕೆಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿನ ಹೊದಿಕೆಯನ್ನು ಇಲಿ ಹೆಬ್ಬೆರಳಿನಗಲ ಕೊರೆದು ಹಾಕಿತ್ತು, ಅಲ್ಲಿ ತೇವ ಕೂತಿತ್ತು. ಮುಂದಿನ ಚಕ್ರ ಉರುಳುವಂತೆ ಇಂಥ ಕಾರನ್ನು ಎಳೆದೊಯ್ಯಬಾರದಾದ್ದರಿಂದ ಲಾರಿಯ ಮೇಲೇರಿಸಿ ಮೈಸೂರಿಗೆ ಕಳುಹಿಸಬೇಕಾಯಿತು: ಸಾಗಣೆಗೆ 8,500, ಕೇಬಲ್ ಮತ್ತು ಕೂಲಿಗೆ 46,000, ಭಾಗ ಬರಲು ಹನ್ನೆರಡು ದಿನ. ದಯವಿಟ್ಟು ಆ ಕಿತ್ತಳೆ ಕೇಬಲ್ಲಿಗೆ ಟೇಪು ಸುತ್ತಿಕೊಡುತ್ತೇನೆ ಎನ್ನುವವರ ಕೈಗೆ ಕಾರು ಕೊಡಬೇಡಿ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು ಕನಿಷ್ಠ ಹತ್ತು ನಿಮಿಷ ಕಾಯದೆ ಅದನ್ನು ಮುಟ್ಟುವುದು ಜೀವಕ್ಕೇ ಅಪಾಯ. ವಿಮೆ ಮಾಡಿಸುವಾಗ ಇಲಿ ಕಡಿದ ಹಾನಿಗೆ ಪರಿಹಾರವಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಇಳಿದರೆ ಕಾರು ಏಳುವುದಿಲ್ಲ. ನನ್ನದಕ್ಕೆ 14,000 ರೂಪಾಯಿ ಆಯಿತು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಎರಡೂ ಬ್ಯಾಟರಿಗಳಿಗೆ ಒಳ್ಳೆಯದು. ವೇಗ ತಗ್ಗಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡುವುದರಿಂದ ಬ್ರೇಕ್ ಪ್ಯಾಡ್‌ಗಳು ಬಹುಕಾಲ ಬರುತ್ತವೆ, ಆದರೆ ಬಳಕೆ ಕಡಿಮೆಯಾಗಿ, ನಮ್ಮ ತೇವಕ್ಕೆ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಬಿಗಿಯುತ್ತವೆ. ಮಳೆಗಾಲ ಮುಗಿದ ಕೂಡಲೇ ಬಿಚ್ಚಿ ಗ್ರೀಸ್ ಹಾಕಿಸಿ. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಾಯಿಸುವ ಇನ್ವರ್ಟರಿಗೆ ಪ್ರತ್ಯೇಕ ಕೂಲೆಂಟ್ ಇರುತ್ತದೆ, ಅದರ ಮಟ್ಟವನ್ನೂ ನೋಡಬೇಕು.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬಿಬಿಡುತ್ತದೆ. ಆಮೇಲೆ ಗೇರ್ ಲಿವರನ್ನು ಇಳಿಜಾರಿಗೆಂದೇ ಇರುವ ‘ಬಿ’ಗೆ ಹಾಕಿದರೆ ಎಂಜಿನ್ ಜೋರಾಗಿ ಸದ್ದು ಮಾಡುತ್ತಾ ಕಾರನ್ನು ತಡೆಯುತ್ತದೆ. ಇದು ದೋಷವಲ್ಲ, ಇಳಿಜಾರಿನಲ್ಲಿ ಹಾಗೆಯೇ ಓಡಿಸಬೇಕು.

ಹುಡುಕುವಾಗ ಇನ್ನೊಂದು ಎಚ್ಚರ. 2015ರಿಂದ ಸಿಯಾಜ್, ಎರ್ಟಿಗಾಗಳಲ್ಲಿ ಬಂದ ‘ಸ್ಮಾರ್ಟ್ ಹೈಬ್ರಿಡ್’ ಬೇರೆಯದೇ ವ್ಯವಸ್ಥೆ. ಅದರ ಮೋಟಾರು ಎಂಜಿನ್ನಿಗೆ ನೆರವಾಗುತ್ತದೆಯೇ ಹೊರತು ಕಾರನ್ನು ತಾನೇ ಓಡಿಸುವುದಿಲ್ಲ. 2022ರಲ್ಲಿ ಬಂದ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾಗಳ, ಮೋಟಾರೊಂದೇ ಕಾರನ್ನು ಓಡಿಸಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗೆ ಬ್ಯಾಟರಿಯ ಮೇಲೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. 2015ರ ಕಾರಿಗೆ ಆ ಆಸರೆ ಇಲ್ಲ. ಕಾರಿನ ಬೆಲೆಯ ಜೊತೆಗೆ 3 ಲಕ್ಷ ರೂಪಾಯಿ ಬೇರೆಯಾಗಿ ತೆಗೆದಿಡಲು ಆಗುವುದಾದರೆ ಕೊಳ್ಳಿ, ಇಲ್ಲವಾದರೆ ಬೇಡ. ಬೆಟ್ಟ ಹತ್ತಿಸಿದ ಮೇಲೆ ಆ 17 ಅಂಕಿಗಳನ್ನು ಬರೆದು ಕಳುಹಿಸಿ. ನನ್ನ ಕಾರಿನವುಗಳ ಪಕ್ಕದಲ್ಲಿಟ್ಟು ನೋಡಿ ಹೇಳುತ್ತೇನೆ.